ಪುಟ ನೂರ ಹನ್ನೆರಡರ ಜ್ವರ

ಇಪ್ಪತ್ತೊಂದು ವರ್ಷದ ಹಿಂದೆ, ನವೆಂಬರ್ ತಿಂಗಳ ಒಂದು ಭಾನುವಾರ, ಆಟ ಮುಗಿಯಲು ಹನ್ನೊಂದು ನಿಮಿಷ ಬಾಕಿ ಇರುವಾಗ ಸ್ಟೋಕರ್ಸ್ ಎಂಬ ಅಮೆರಿಕನ್ ಫುಟ್ಬಾಲ್ ತಂಡದ ಅರವತ್ತನಾಲ್ಕನೇ ನಂಬರಿನ ಆಟಗಾರ ಅರ್ಲಿಸ್ ಪೊಟೀಟನ ತಲೆಗೆ ಇನ್ನೊಬ್ಬನ ಮೊಣಕಾಲು ಬಡಿಯಿತು. ಅವನು ಎದ್ದ. ನಡೆದ. ಎದುರಾಳಿಗಳು ತಲೆ ಕೂಡಿಸಿಕೊಂಡು ಮುಂದಿನ ಹೂಟ ಮಾತಾಡುತ್ತಿದ್ದ ಗುಂಪಿಗೆ ಹೋಗಿ, ಅವರಲ್ಲೊಬ್ಬನ ಹೆಗಲ ಮೇಲೆ ಕೈ ಹಾಕಿ ನಿಂತ. ಮುಂದಿನ ಎರಡು ಪಂದ್ಯ ಆಡಲಿಲ್ಲ. ಮರುವರ್ಷದ ತಂಡದ ಕೈಪಿಡಿಯಲ್ಲಿ ‘ಜ್ವರದ ಕಾರಣ ಎರಡು ಪಂದ್ಯಗಳಿಗೆ ಗೈರು’ ಎಂದು ಅಚ್ಚಾಯಿತು.

ಆ ಸಾಲು ಬರೆದವಳು ಈಗ, ಜುಲೈ ತಿಂಗಳ ನಸುಕಿನಲ್ಲಿ, ಐದಕ್ಕೆ ಹದಿನೈದು ನಿಮಿಷ ಇರುವಾಗ ಅಡುಗೆಮನೆಯ ಮೇಜಿನ ಮುಂದೆ ನಿಂತಿದ್ದಾಳೆ. ಕೂರುವುದಿಲ್ಲ. ಕೂತರೆ ನಿದ್ದೆ ಹತ್ತುತ್ತದೆ ಎಂಬ ಭಯ. ನಿನ್ನೆ ಉಳಿದ ಪಿರೋಗಿ ಕಡುಬನ್ನು ಬೆಣ್ಣೆಯಲ್ಲಿ ಬಾಡಿಸಿ ಬಾಣಲೆಯಿಂದಲೇ ತಿನ್ನುತ್ತಾ, ಇನ್ನೊಂದು ಕೈಯಲ್ಲಿ ಪೆನ್ಸಿಲು ಹಿಡಿದು ಪುಟ ತಿರುಗಿಸುತ್ತಿದ್ದಾಳೆ. ಕಿಟಕಿಯಾಚೆ ಸರೋವರದ ಮೇಲೆ ಅದಿರು ಹಡಗೊಂದು ಕೂಗುತ್ತದೆ. ಅವಳು ತಲೆಯೆತ್ತುವುದಿಲ್ಲ. ಇವತ್ತು ಸಂಜೆ ನಾಲ್ಕಕ್ಕೆ ಈ ಇನ್ನೂರ ನಲವತ್ತೆಂಟು ಪುಟ ಅಚ್ಚಿಗೆ ಹೋಗಬೇಕು. ಅದಕ್ಕೂ ಮೊದಲು, ಮಧ್ಯಾಹ್ನ ಎರಡಕ್ಕೆ, ಅವಳು ಕೆಲಸ ಮಾಡುವ ಪತ್ರಿಕೆಯ ಕ್ರೀಡಾಪುಟದ ಗಡುವು ಮುಗಿಯುತ್ತದೆ.

ಹೆಸರು ಬರ್ನಡೆಟ್ ಸ್ಕ್ರಾಬುಟ್. ವಯಸ್ಸು ಅರವತ್ತೊಂದು. ಹ್ಯಾಲಕ್ ಹಾರ್ಬರ್ ಊರಿಗೆ ಊರೇ ‘ಬರ್ನಿ’ ಅನ್ನುತ್ತದೆ, ನಾವೂ ಹಾಗೇ ಅನ್ನೋಣ. ಸ್ಟೋಕರ್ಸ್ ತಂಡದ ವಾರ್ಷಿಕ ಕೈಪಿಡಿಯನ್ನು ಮೂವತ್ತೊಂದು ವರ್ಷದಿಂದ ಬರೆಯುತ್ತಿರುವವಳು ಇವಳೇ. ಇದು ಮೂವತ್ತೆರಡನೆಯದು. ಟಿವಿಯಲ್ಲಿ ಆಟದ ವಿವರಣೆ ಹೇಳುವ ಕೋಟುಧಾರಿಗಳು “ಈತನಿಗೆ ಇದು ಮಳೆಯಲ್ಲಿ ಹನ್ನೆರಡನೇ ಪಂದ್ಯ” ಎಂದು ತಮ್ಮ ತಲೆಯಿಂದ ಉದುರಿಸಿದಂತೆ ಉದುರಿಸುತ್ತಾರಲ್ಲ, ಅದೆಲ್ಲ ಇವಳ ಅಡುಗೆಮನೆಯ ಮೇಜಿನಿಂದ ಹೋದದ್ದು. ಆಟಗಾರನ ಎತ್ತರ, ತೂಕ, ಓದಿದ ಶಾಲೆ, ಆಡಿದ ಪಂದ್ಯ, ಆಡದ ಪಂದ್ಯ, ಆಡದೆ ಇದ್ದುದಕ್ಕೆ ಕಾರಣ. ತಂಡ ಹುಟ್ಟಿದಂದಿನಿಂದ ಅಂಗಿ ತೊಟ್ಟ ಸಾವಿರದ ಎಂಟುನೂರ ನಲವತ್ತಾರು ಜನರ ಪಟ್ಟಿ. ಪುಸ್ತಕದಲ್ಲಿ ಮಾಲೀಕರ ಹೆಸರಿದೆ, ಮಾಲೀಕರ ಮಕ್ಕಳ ಹೆಸರಿದೆ, ಮಾಲೀಕರ ನಾಯಿಯ ಹೆಸರೂ ಇದೆ. ಬರ್ನಿಯ ಹೆಸರಿಲ್ಲ.

“ನಾಯಿ ಪ್ರತಿ ಪಂದ್ಯಕ್ಕೂ ಬರುತ್ತಂತೆ. ನಾನೂ ಬರ್ತೀನಿ. ಅದು ಬಾಲ ಅಲ್ಲಾಡಿಸುತ್ತೆ, ಅಷ್ಟೇ ವ್ಯತ್ಯಾಸ” ಎನ್ನುತ್ತಾಳೆ.

ಲೆಕ್ಕ ಇಡುವ ಅಭ್ಯಾಸ ಒಂಬತ್ತನೇ ವಯಸ್ಸಿನದು. ಅಪ್ಪ ಅದಿರು ಹಡಗು ಬರಿದು ಮಾಡುವ ಕಟ್ಟೆಯಲ್ಲಿ ಕೆಲಸಕ್ಕಿದ್ದ. ಯಂತ್ರಗಳ ಅಬ್ಬರ ನಲವತ್ತಕ್ಕೇ ಅವನ ಎರಡೂ ಕಿವಿಯನ್ನು ತಿಂದಿತು. ಭಾನುವಾರ ರೇಡಿಯೋದಲ್ಲಿ ಆಟ ಬರುತ್ತಿತ್ತು. ಅಪ್ಪ ರೇಡಿಯೋ ಮುಂದೆ ಕೂರುತ್ತಿದ್ದ, ಮಗಳು ಕೇಳಿಸಿಕೊಂಡು ಕಾಗದದ ಮೇಲೆ ಆಟವನ್ನು ಬರೆದು ತೋರಿಸುತ್ತಿದ್ದಳು. ನಂಬರು, ಬಾಣ, ಗೆರೆ. ಬರೆಯಲು ಪುರುಸೊತ್ತಿಲ್ಲದಂಥದ್ದು ಏನಾದರೂ ನಡೆದರೆ ನಂಬರಿನ ಪಕ್ಕ ಒಂದು ಪುಟ್ಟ ತ್ರಿಕೋನ.

“ತ್ರಿಕೋನ ಅಂದ್ರೆ, ‘ಅಪ್ಪಾ, ಇಲ್ಲಿ ಏನೋ ಆಯ್ತು, ಆಮೇಲೆ ಹೇಳ್ತೀನಿ’ ಅಂತ. ಆಟ ಮುಗಿದ ಮೇಲೆ ಅಪ್ಪ ಒಂದೊಂದೇ ತ್ರಿಕೋನದ ಮೇಲೆ ಬೆರಳಿಟ್ಟು ಹುಬ್ಬು ಹಾರಿಸ್ತಿದ್ದ. ನಾನು ಹೇಳ್ಬೇಕಿತ್ತು. ಹೇಳ್ದೆ ಊಟಕ್ಕೆ ಏಳೋ ಹಾಗಿರ್ಲಿಲ್ಲ.”

ಅಪ್ಪ ಹೋದ. ತ್ರಿಕೋನ ಉಳಿಯಿತು. ಪತ್ರಿಕೆ ಸೇರಿದ ಮೇಲೂ ಬರ್ನಿ ಮೈದಾನದ ಮೇಲಟ್ಟದಲ್ಲಿ ವರದಿಗಾರರ ಸಾಲಿನಲ್ಲಿ ಕೂತು ಹಾಗೆಯೇ ಬರೆದಳು, ಈಗಲೂ ಬರೆಯುತ್ತಾಳೆ. ಆಗ ಪತ್ರಿಕೆಯ ಕ್ರೀಡಾವಿಭಾಗದಲ್ಲಿ ಹನ್ನೊಂದು ಜನ, ಇವಳೊಬ್ಬಳೇ ಹೆಂಗಸು. ಆಟಗಾರರ ಬಟ್ಟೆಮನೆಗೆ ಪ್ರವೇಶವಿಲ್ಲ. ಹೊರಗಿನ ಓಣಿಯಲ್ಲಿ ಕೊಳೆಬಟ್ಟೆ ತುಂಬಿದ ತಳ್ಳುಗಾಡಿಗೆ ಒರಗಿ ಕಾಯುತ್ತಿದ್ದಳು. ಈಗ ವಿಭಾಗದಲ್ಲಿ ಇಬ್ಬರು. ಹನ್ನೊಂದು ಜನರ ಕೆಲಸ ಮಾತ್ರ ಹನ್ನೊಂದು ಜನರಷ್ಟೇ ಇದೆ: ಶಾಲೆಗಳ ಆಟ, ಬೌಲಿಂಗ್ ಕೂಟ, ದೋಣಿ ಪಂದ್ಯ, ಸತ್ತ ತರಬೇತುದಾರರ ಬದುಕಿನ ಕಥೆ. ಇವೆಲ್ಲದರ ಸಂದಿಯಲ್ಲಿ ಕೈಪಿಡಿ.

ಕೈಪಿಡಿ ಬರೆಯುವಾಗ ‘ಆಡದೆ ಇದ್ದುದಕ್ಕೆ ಕಾರಣ’ ಎಂಬ ಕಾಲಂ ಮಾತ್ರ ಬರ್ನಿಯ ಕೈಯಲ್ಲಿ ಇರಲಿಲ್ಲ. ಅದು ತಂಡದ ಕಚೇರಿಯಿಂದ ಬರುತ್ತಿತ್ತು. ಒಂದು ಚೀಟಿ, ಚೀಟಿಯಲ್ಲಿ ನಂಬರು, ನಂಬರಿನ ಮುಂದೆ ಒಂದು ಪದ. ಇಳಿಸಿಕೊಳ್ಳುವುದು ಇವಳ ಕೆಲಸ. ವರದಿಗಾರರ ಸಾಲಿನಲ್ಲಿ ಅದಕ್ಕೊಂದು ಹೆಸರೇ ಇತ್ತು: ಭಾನುವಾರದ ಜ್ವರ. “ನಮ್ಮ ಹುಡುಗರಿಗೆ ಸೋಮವಾರದಿಂದ ಶನಿವಾರದ ತನಕ ಗುಂಡುಕಲ್ಲಿನ ಆರೋಗ್ಯ ಕಣಪ್ಪ, ಭಾನುವಾರ ಮಧ್ಯಾಹ್ನ ಮಾತ್ರ ಜ್ವರ” ಎಂದು ನಗುತ್ತಿದ್ದರು. ಬರ್ನಿಯೂ ನಗುತ್ತಿದ್ದಳು. ಅರ್ಲಿಸ್ ಪೊಟೀಟ್ ಎದುರಾಳಿಗಳ ಗುಂಪಿಗೆ ಹೋಗಿ ನಿಂತ ದಿನ ಅರವತ್ತು ಸಾವಿರ ಜನ ನಕ್ಕರು. ಅವತ್ತೂ ನಕ್ಕಳು. ನಕ್ಕು, ಅರವತ್ತನಾಲ್ಕರ ಪಕ್ಕ ತ್ರಿಕೋನ ಬರೆದಳು.

ಆಮೇಲೆ ಹೇಳಲೇ ಇಲ್ಲ.

ಮೊನ್ನೆ ಮಾರ್ಚಿನಲ್ಲಿ ಪತ್ರಿಕಾ ಕಚೇರಿಗೆ ಫೋನು ಬಂತು. ಆ ಕಡೆ ಅರ್ಲಿಸನ ಹೆಂಡತಿ ವರ್ನೀಟಾ, ಶಾಲಾ ಬಸ್ಸಿನ ಚಾಲಕಿ.

“ಮಿಸ್ ಬರ್ನಿ, ನೀವು ಅವತ್ತು ಅಲ್ಲಿದ್ರಿ ಅಲ್ವಾ?”

“ಯಾವತ್ತು?”

“ಜನ ಎಲ್ಲಾ ನಕ್ಕ ದಿನ.”

ಅರ್ಲಿಸನಿಗೆ ಈಗ ನಲವತ್ತೆಂಟು. ಬೆಳಿಗ್ಗೆ ಕಸದ ಡಬ್ಬಿ ಹೊರಗಿಡಲು ಹೋದವನು ಪಕ್ಕದ ಮನೆಯ ಜಗಲಿ ಹತ್ತಿ, ಅವರ ಕುರ್ಚಿಯಲ್ಲಿ ಕೂತು, ತಿಂಡಿ ಕೇಳುತ್ತಾನೆ. ಪಕ್ಕದವರು ಒಳ್ಳೆಯವರು, ಕೊಡುತ್ತಾರೆ. ವರ್ನೀಟಾ ಬಸ್ಸು ಓಡಿಸಲು ಹೋಗುವಾಗ ಗಂಡನನ್ನು ಒಳಗಿಟ್ಟು ಬೀಗ ಹಾಕುತ್ತಾಳೆ. “ಆರಡಿ ನಾಲ್ಕಂಗುಲದ ಗಂಡಸನ್ನ ಬೀಗ ಹಾಕಿ ಬರೋದು ಅಂದ್ರೆ ಏನು ಗೊತ್ತಾ ನಿಮಗೆ? ಕಿಟಕೀಲಿ ನಿಂತು ಕೈ ಬೀಸ್ತಾನೆ. ನಾನು ಟಾಟಾ ಮಾಡ್ತೀನಿ” ಎಂದಳು.

ತಲೆಗೆ ಪೆಟ್ಟು ತಿಂದು ಹೀಗಾದ ಹಳೆಯ ಆಟಗಾರರನ್ನು ನೋಡಿಕೊಳ್ಳಲು ಆಟದ ಒಕ್ಕೂಟದ್ದೊಂದು ಆರೈಕೆ ಮಂಡಳಿ ಇದೆ. ಅವರು ಒಪ್ಪಿದರೆ ಮನೆಗೆ ದಾದಿ ಬರುತ್ತಾಳೆ, ಬೀಗ ತೆಗೆಯಬಹುದು. ಅರ್ಜಿ ಹಾಕಿದಾಗ ಮಂಡಳಿ ಕೇಳಿತು: ಪೆಟ್ಟು ಬಿದ್ದದ್ದಕ್ಕೆ ದಾಖಲೆ? ತಂಡದ ವೈದ್ಯರ ಕಡತಗಳು ನೆಲಮಾಳಿಗೆಗೆ ನೀರು ನುಗ್ಗಿ ಹಾಳಾಗಿವೆಯಂತೆ. ಉಳಿದದ್ದು ಕೈಪಿಡಿ. ಮಂಡಳಿಯವರು ತೆರೆದು ನೋಡಿದರು. ಜ್ವರ.

“ಪುಸ್ತಕದಲ್ಲಿ ಜ್ವರ ಅಂತಿದೆಯಲ್ಲಮ್ಮ, ಅಂದ್ರು. ಜ್ವರಕ್ಕೆ ಯಾರಾದ್ರೂ ಇಪ್ಪತ್ತು ವರ್ಷ ದಾದಿ ಇಡ್ತಾರಾ ಅಂತ ನಕ್ರು” ಎಂದಳು ವರ್ನೀಟಾ.

ಬರ್ನಿ ತಾನು ಕಂಡದ್ದನ್ನು ಮಂಡಳಿಗೆ ಬರೆದು ಕಳಿಸಿದಳು. ಪ್ರಮಾಣ ಮಾಡಿ, ಸಹಿ ಹಾಕಿ. ಉತ್ತರ ಬಂತು: ವ್ಯಕ್ತಿಗಳ ನೆನಪನ್ನು ಪರಿಗಣಿಸಲಾಗದು, ತಂಡದ ಅಧಿಕೃತ ಕೈಪಿಡಿಯನ್ನು ಮಾತ್ರ ಪರಿಗಣಿಸಲಾಗುವುದು. ಅಂದರೆ ಏನು? ಅಧಿಕೃತ ಪುಸ್ತಕವನ್ನು ಮೂವತ್ತೊಂದು ವರ್ಷ ಬರೆದವಳ ನೆನಪು ಅನಧಿಕೃತ. ಅವಳ ಕೈಯಿಂದ ಯಾರೋ ಬರೆಸಿದ ಸುಳ್ಳು ಅಧಿಕೃತ. ಇಂಥ ಕಾನೂನು ಮಾಡಿದವರ ತಲೆಗೆ ಯಾವ ಮೊಣಕಾಲು ಬಡಿದಿತ್ತೋ!

ಅವತ್ತು ಮನೆಗೆ ಬಂದವಳೇ ಅಟ್ಟದಿಂದ ಹಳೆಯ ನೋಟುಪುಸ್ತಕಗಳನ್ನು ಇಳಿಸಿದಳು. ಬೇಸಿಗೆಯುದ್ದಕ್ಕೂ ಬೆಳಗಿನ ಜಾವ ಎದ್ದು ಒಂದು ಕಡೆ ನೋಟುಪುಸ್ತಕ, ಇನ್ನೊಂದು ಕಡೆ ಕೈಪಿಡಿ ಇಟ್ಟುಕೊಂಡು ತಾಳೆ ನೋಡಿದಳು. ಬಿದ್ದವನು ತಪ್ಪು ದಿಕ್ಕಿಗೆ ನಡೆದ, ತನ್ನ ನಂಬರು ಮರೆತ, ನಿಂತಲ್ಲೇ ವಾಂತಿ ಮಾಡಿಕೊಂಡ ಎಂದು ಹಾಕಿದ ತ್ರಿಕೋನಗಳು ನಲವತ್ತಮೂರು. ಅದೇ ನಲವತ್ತಮೂರಕ್ಕೆ ಕೈಪಿಡಿಯಲ್ಲಿ ಕೊಟ್ಟ ಕಾರಣ: ಇಪ್ಪತ್ತೊಂಬತ್ತು ಜ್ವರ, ಒಂಬತ್ತು ಕುತ್ತಿಗೆ ನೋವು, ಐದು ಸ್ವಂತ ಕೆಲಸ. ಮೂವತ್ತೊಂದು ಪುಸ್ತಕ ಸೇರಿಸಿ ಹುಡುಕಿದರೂ ‘ತಲೆ’ ಎಂಬ ಪದ ಸಿಕ್ಕಿದ್ದು ಒಂದೇ ಜಾಗದಲ್ಲಿ. ಹಿಂಬದಿ ರಟ್ಟಿನ ಮೇಲೆ, ಹೆಲ್ಮೆಟ್ ಕಂಪನಿಯ ಜಾಹೀರಾತಿನಲ್ಲಿ: ‘ನಿಮ್ಮ ತಲೆ, ನಮ್ಮ ಹೊಣೆ’.

ಈ ವರ್ಷದ ಕೈಪಿಡಿಯ ‘ಹಳೆಯ ಆಟಗಾರರು’ ಭಾಗದಲ್ಲಿ, ನೂರ ಹನ್ನೆರಡನೇ ಪುಟದಲ್ಲಿ, ವರ್ನೀಟಾಳನ್ನು ಕೇಳಿಯೇ ಬರ್ನಿ ಒಂದು ಸಾಲು ಸೇರಿಸಿದ್ದಾಳೆ: ‘ನವೆಂಬರ್ 2004: ತಲೆಗೆ ಪೆಟ್ಟು, ಎರಡು ಪಂದ್ಯಗಳಿಗೆ ಗೈರು. ಹಿಂದಿನ ಕೈಪಿಡಿಗಳಲ್ಲಿ ಜ್ವರ ಎಂದಿರುವುದು ತಪ್ಪು.’ ಮಂಡಳಿ ಮತ್ತೆ ಸೇರುವುದು ಸೆಪ್ಟೆಂಬರಿನಲ್ಲಿ. ಅಷ್ಟರಲ್ಲಿ ಈ ಪುಟ ಅಚ್ಚಾಗಿ ಮಂಡಳಿಯ ಮೇಜಿನ ಮೇಲಿರಬೇಕು. ಇರದಿದ್ದರೆ ಬೀಗ ಹಾಗೇ.

*

ಒಂಬತ್ತೂವರೆಗೆ ತರಬೇತಿ ಮೈದಾನ. ಬಿಸಿಲು ಈಗಲೇ ಸುಡುತ್ತಿದೆ. ಪತ್ರಿಕೆಗೆ ಇಲ್ಲಿಂದ ಆರುನೂರು ಪದ ಬೇಕು. ಬೇಲಿಯ ಬಳಿ ಬರ್ನಿಯನ್ನು ಕಂಡು ಕೈಯೆತ್ತುವ ದೈತ್ಯ ಸೆಮಿಸಿ ಫೊನುವಾ. ಟೋಂಗಾ ದ್ವೀಪದ ಮೂಲದವನು, ಹಿರಿಯ ಹೆಂಗಸರೆಲ್ಲ ಅವನಿಗೆ ಆಂಟಿಯರೇ. ಕಳೆದ ಡಿಸೆಂಬರಿನಲ್ಲಿ ಎರಡು ಪಂದ್ಯ ಆಡಿರಲಿಲ್ಲ. ಚೀಟಿಯಲ್ಲಿ ಬಂದದ್ದು ಜ್ವರ. ಬರ್ನಿಯ ನೋಟುಪುಸ್ತಕದಲ್ಲಿ ತ್ರಿಕೋನ.

“ಆಂಟಿ, ನನ್ನದು ಏನಂತ ಬರೆದ್ರಿ?” ಮೆಲ್ಲಗೆ ಕೇಳುತ್ತಾನೆ.

“ಎರಡು ಪಂದ್ಯ ಆಡಲಿಲ್ಲ ಅಂತ. ಕಾರಣ ಬರೆದಿಲ್ಲ.”

“ಜ್ವರ ಅಂತ್ಲೇ ಹಾಕ್ಬಿಡಿ ಆಂಟಿ. ಇನ್ನೊಂದು ವರ್ಷ. ಅಮ್ಮಂಗೆ ಮನೆ ಕಟ್ಟಿಸ್ತಿದೀನಿ. ತಲೆ ಅಂತ ಬಂದ್ರೆ ನನ್ನನ್ನ ತಂಡದಿಂದ ತೆಗೆದು ಮನೆಗೆ ಕಳಿಸ್ತಾರೆ.”

“ತಲೆ ಅಂತ ಹಾಕಲ್ಲ. ನಿನ್ನ ತಲೆ, ನೀನು ಹೇಳೋ ತನಕ ಹಾಕಲ್ಲ. ಆದ್ರೆ ಜ್ವರ ಅಂತಾನೂ ಹಾಕಲ್ಲ ಕಣಪ್ಪ.”

“ಮತ್ತೆ?”

“ಖಾಲಿ ಬಿಟ್ಟಿದೀನಿ. ಜಾಗ ಇರುತ್ತೆ.”

ಅವನು ನಗುತ್ತಾನೆ, ಶಿಳ್ಳೆ ಕೇಳಿ ಓಡುತ್ತಾನೆ. ಅವನು ಸಾಲಿಗೆ ಸೇರುವ ತನಕ, ಸರಿಯಾದ ಸಾಲಿಗೆ ಸೇರಿದನೇ ಎಂದು ಬರ್ನಿ ನೋಡುತ್ತಲೇ ನಿಲ್ಲುತ್ತಾಳೆ.

ಬೆನ್ನ ಹಿಂದಿನಿಂದ ತಂಡದ ಪ್ರಚಾರ ವಿಭಾಗದ ಮುಖ್ಯಸ್ಥ ಕ್ಲೇಟನ್ ರೂಡ್ ಬರುತ್ತಾನೆ. ಮೂವತ್ತನಾಲ್ಕರ ಪ್ರಾಯ, ಇಸ್ತ್ರಿ ಮಾಡಿದ ಟೀ ಶರ್ಟು.

“ಬರ್ನಿ, ಒಂದು ನಿಮಿಷ.”

“ನನ್ನ ಹತ್ರ ಅರ್ಧ ಇದೆ.”

“ನೂರ ಹನ್ನೆರಡು.”

“ಏನಾಗಿದೆ ಅದಕ್ಕೆ? ಕಾಗುಣಿತ ತಪ್ಪಿದೆಯಾ?”

“ತಮಾಷೆ ಬೇಡ ಕಣ್ರೀ. ಮೇಲಿನವರು ನೋಡಿದ್ದಾರೆ. ವಕೀಲರೂ ನೋಡಿದ್ದಾರೆ.”

“ಓಹೋ, ಪುಸ್ತಕ ಓದೋರೂ ಇದ್ದಾರೆ ಅಂತಾಯ್ತು. ಮೂವತ್ತೊಂದು ವರ್ಷದಲ್ಲಿ ಇದೇ ಮೊದಲು.”

“ಹಳೇದು ಹೇಗಿತ್ತೋ ಹಾಗೇ ಬಿಡಿ, ಬರ್ನಿ. ಒಂದೇ ಒಂದು ಪದ. ಜ್ವರ. ಜ್ವರ ಅಂದ್ರೆ ಯಾರಿಗೂ ನೋವಾಗಲ್ಲ.”

“ಬಂದೋನಿಗೆ ಆಗುತ್ತೆ.”

ರೂಡ್ ಸುತ್ತ ನೋಡಿ ದನಿ ತಗ್ಗಿಸುತ್ತಾನೆ. “ನಾನು ನಿಮ್ಮ ಕಡೆಯವನೇ. ಆದ್ರೆ ಒಂದು ಸಾಲು ಒಪ್ಪಿಕೊಂಡ್ರೆ ನಾಳೆ ಉಳಿದೋರೂ ಬರ್ತಾರೆ. ಎಷ್ಟು ಜನ ಇದ್ದಾರೋ ಯಾರಿಗೆ ಗೊತ್ತು?”

“ನಲವತ್ತಮೂರು.”

ಅವನ ಮುಖದ ಬಣ್ಣ ಇಳಿಯುತ್ತದೆ. “ಸರಿಪಡಿಸಿದ ಪುಟ ನಾನೇ ಅಚ್ಚುಕೂಟಕ್ಕೆ ತರ್ತೀನಿ. ನಾಲ್ಕು ಗಂಟೆಗೆ. ನೀವು ಬಂದು ನಿಮ್ಮ ಎರಡಕ್ಷರದ ಸಹಿ ಹಾಕಿ. ಹಾಕ್ಲಿಲ್ಲ ಅಂದ್ರೆ ಮುಂದಿನ ವರ್ಷದ ಮಾತು ಬಿಡಿ, ಈ ವರ್ಷದ ಮೈದಾನದ ಪಾಸೂ ನನ್ನ ಕೈಲಿಲ್ಲ.”

ಪಾಸು ಹೋದರೆ ಮೇಲಟ್ಟದ ಕುರ್ಚಿ ಹೋಯಿತು. ಕುರ್ಚಿ ಹೋದರೆ ಪತ್ರಿಕೆಗೆ ಇವಳೇಕೆ? ಇಬ್ಬರಲ್ಲಿ ಒಬ್ಬಳನ್ನು ಕಡಿಮೆ ಮಾಡಲು ಅವರು ನೆವ ಹುಡುಕುತ್ತಲೇ ಇದ್ದಾರೆ. ಕಾರಿನಲ್ಲಿ ಕೂತು ಆರುನೂರು ಪದ ಕುಟ್ಟುವಾಗ ಬರ್ನಿಯ ಬೆರಳು ಎರಡು ಸಲ ತಪ್ಪು ಅಕ್ಷರಕ್ಕೆ ಬೀಳುತ್ತದೆ. ಹನ್ನೆರಡೂವರೆಗೆ ಕಚೇರಿಯಿಂದ ಕ್ರೀಡಾಪುಟದ ಮುಖ್ಯಸ್ಥ ವಿನ್ಸ್ ಫೋನು ಮಾಡುತ್ತಾನೆ.

“ಎಲ್ಲಿದೆಯಮ್ಮಾ ನನ್ನ ಆರುನೂರು?”

“ನಾನೂರರಲ್ಲಿದೆ.”

“ಶಾಲೆಗಳ ಪಂದ್ಯದ ಪಟ್ಟಿ?”

“ಅಂಗಿ ಜೇಬಲ್ಲಿದೆ.”

“ಆ ಮುದಿ ಕೋಚ್ ಸತ್ತದ್ದು?”

“ಅವನು ಸತ್ತಿದ್ದಾನೆ ವಿನ್ಸ್, ಓಡಿ ಹೋಗಲ್ಲ. ಫೋನಿಡು, ಬರೀತೀನಿ.”

ಎರಡಕ್ಕೆ ಎರಡು ನಿಮಿಷ ಇರುವಾಗ ಮೂರೂ ಹೋಗುತ್ತವೆ. ಊಟವಿಲ್ಲ. ಮೂರೂಕಾಲಿಗೆ ಅವಳು ಬಾರ್ಟೋಲಿ ಅಚ್ಚುಕೂಟದ ಬಾಗಿಲು ತಳ್ಳುತ್ತಾಳೆ.

ಲೂ ಬಾರ್ಟೋಲಿಗೆ ಎಪ್ಪತ್ತನಾಲ್ಕು. ಈಗ ಪುಟಗಳೆಲ್ಲ ಗಣಕದಲ್ಲೇ ಬರುತ್ತವೆ, ಆದರೂ ಲೂನ ಅಚ್ಚುಕೂಟದಲ್ಲಿ ಒಂದು ಕಟ್ಟಳೆ ಉಂಟು. ಹತ್ತೊಂಬತ್ತು ವರ್ಷದ ಹಿಂದೆ ಕೈಪಿಡಿಯಲ್ಲಿ ಒಂದು ಭಾನುವಾರದ ಪಂದ್ಯ ಶನಿವಾರ ಎಂದು ಅಚ್ಚಾಗಿತ್ತು. ಹನ್ನೊಂದು ಸಾವಿರ ಜನ ಹಿಮದಲ್ಲಿ ಬಂದರು. ಗೇಟಿಗೆ ಬೀಗ. ಬಂದವರು ಬೀಗದ ಮುಂದೆಯೇ ಸಾಸೇಜು ಸುಟ್ಟು ತಿಂದು, ತಂಡದ ಹಾಡು ಹೇಳಿ, ಇಲ್ಲದ ಪಂದ್ಯವನ್ನು ಗೆದ್ದು ಮನೆಗೆ ಹೋದರು. ಮರುದಿನದಿಂದ ಲೂ, ಬರೆದವರ ಎರಡಕ್ಷರ ಪೆನ್ಸಿಲಿನಲ್ಲಿ ಬೀಳದ ಯಾವ ಪುಟವನ್ನೂ ಯಂತ್ರಕ್ಕೆ ಏರಿಸಿಲ್ಲ. ಬರ್ನಿ ಹಾಕುವ ‘ಬಿ.ಎಸ್.’ ಪುಸ್ತಕದಲ್ಲಿ ಅಚ್ಚಾಗುವುದಿಲ್ಲ. ಲೂನ ಕಪಾಟಿನಲ್ಲಿ ಮಾತ್ರ ಇರುತ್ತದೆ. ಈ ಊರಿನಲ್ಲಿ ಕೈಪಿಡಿಗೆ ಬರ್ನಿಯ ಹೆಸರು ತಗಲಿರುವುದು ಅಲ್ಲೊಂದೇ ಕಡೆ.

“ಬಾರಮ್ಮಾ ಜ್ವರದ ರಾಣಿ” ಎನ್ನುತ್ತಾನೆ ಲೂ. ಊರು ಚಿಕ್ಕದು, ಸುದ್ದಿ ಬಂದಿದೆ. “ಏನಾದ್ರೂ ತಿಂದ್ಯಾ? ಮುಖ ನೋಡಿದ್ರೆ ನಿಂಗೇ ಜ್ವರ.”

“ಪುಟ ಕೊಡು ಲೂ.”

ಅವಳು ನಿಂತೇ ಅಕ್ಷರ ಹಾಕತೊಡಗುತ್ತಾಳೆ. ಬಿ.ಎಸ್., ಬಿ.ಎಸ್., ಬಿ.ಎಸ್. ಮಾಲೀಕರ ನಾಯಿಗೆ ಬಿ.ಎಸ್. ಸೆಮಿಸಿಯ ಖಾಲಿ ಜಾಗಕ್ಕೆ ಬಿ.ಎಸ್. ಹೆಲ್ಮೆಟ್ ಕಂಪನಿಗೂ ಬಿ.ಎಸ್. ಕೆಲಸದ ನಡುವೆ ಕೇಳದೆಯೇ ಹೇಳುತ್ತಾಳೆ: “ಪುಸ್ತಕದ ಮೇಲೆ ನನ್ನ ಹೆಸರು ಬೇಕು ಅಂತ ಒಂದು ಕಾಲಕ್ಕೆ ಆಸೆ ಇತ್ತು ಲೂ. ಈಗಿಲ್ಲ. ತಪ್ಪು ಅಂತ ಒಂದು ಸಾಲಿದೆಯಲ್ಲ, ಅದು ಇದ್ರೆ ಸಾಕು. ಅದೇ ನನ್ನ ಹೆಸರು.”

ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ರೂಡ್ ಬರುತ್ತಾನೆ. ಕೈಯಲ್ಲಿ ಪ್ಲಾಸ್ಟಿಕ್ ಹಾಳೆಯೊಳಗೆ ಒಂದೇ ಒಂದು ಪುಟ. ಬರ್ನಿಯ ಸಾಲಿದ್ದ ಜಾಗದಲ್ಲಿ ಹಳೆಯ ಸಾಲು ಮತ್ತೆ ಬಂದು ಕೂತಿದೆ. ‘ಜ್ವರದ ಕಾರಣ ಎರಡು ಪಂದ್ಯಗಳಿಗೆ ಗೈರು.’

“ಲೂ, ಯಂತ್ರ ಬಿಸಿಯಾಗಿದೆಯಾ? ಇದನ್ನ ಏರಿಸಿ.”

“ಅಕ್ಷರ ಎಲ್ಲಿ?”

“ತಂಡ ಹೇಳ್ತಿದೆ, ಏರಿಸಿ. ಪುಸ್ತಕ ತಂಡದ್ದು.”

“ಪುಸ್ತಕ ತಂಡದ್ದು ಸ್ವಾಮಿ. ಯಂತ್ರ ನಂದು. ಅಕ್ಷರ ಅವಳದು.” ಲೂ ಕೈ ಒರೆಸಿಕೊಳ್ಳುತ್ತಾ ಸ್ಟೂಲಿನ ಮೇಲೆ ಕೂರುತ್ತಾನೆ.

ರೂಡ್ ಬರ್ನಿಯ ಕಡೆ ತಿರುಗುತ್ತಾನೆ. ಅವನ ಫೋನು ಅದುರುತ್ತಿದೆ. ಮೇಲಿನವರು. ಅವನು ಎತ್ತುವುದಿಲ್ಲ. ಪುಟವನ್ನು ಅವಳ ಮುಂದೆ ಮೇಜಿನ ಮೇಲಿಟ್ಟು, ಮೂಲೆಯನ್ನು ಬೆರಳಿನಿಂದ ತೋರಿಸುತ್ತಾನೆ. “ಎರಡೇ ಅಕ್ಷರ ಬರ್ನಿ. ಹತ್ತೊಂಬತ್ತು ವರ್ಷ ಹಾಕಿದ್ದೀರಿ. ಇದೊಂದು ಸಲ ಹಾಕಿಬಿಡಿ. ದಯವಿಟ್ಟು.”

ಬರ್ನಿ ಪೆನ್ಸಿಲನ್ನು ತೆಗೆದುಕೊಳ್ಳುತ್ತಾಳೆ. ಪುಟದ ಮೇಲೆ ಬಾಗುತ್ತಾಳೆ. ಅರ್ಲಿಸನ ಫೋಟೋ ಇದೆ ಅಲ್ಲಿ, ಇಪ್ಪತ್ತೇಳರ ಹರೆಯದ್ದು, ಹೆಲ್ಮೆಟ್ಟು ಕಂಕುಳಲ್ಲಿ, ನಗುಮುಖ. ಜ್ವರ ಎಂಬ ಪದದ ಮೇಲೆ ಬೆರಳಿಟ್ಟು ಹುಬ್ಬು ಹಾರಿಸಿ ರೂಡನನ್ನೇ ನೋಡುತ್ತಾಳೆ, ಊಟಕ್ಕೆ ಮುಂಚೆ ಅಪ್ಪ ನೋಡುತ್ತಿದ್ದ ಹಾಗೆ. ಗೋಡೆಯ ಗಡಿಯಾರದಲ್ಲಿ ನಾಲ್ಕಾಗುತ್ತದೆ.

ಅವಳು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು, ಆ ಪುಟವನ್ನು ಅವನ ಕಡೆ ಸರಿಸುತ್ತಾಳೆ.

“ಇನ್ನೂರ ನಲವತ್ತೇಳು ಪುಟಕ್ಕೆ ಹಾಕಿದೀನಿ. ಇದಕ್ಕೆ ಹಾಕಲ್ಲ.”